ಗಾಡಿ ಮನೆ ಮಾಡೋ ಮುಂಚೆ ನೀರಿನ ಲೆಕ್ಕ ಹಾಕಿ

ನಮ್ಮ ಕ್ಯಾರವಾನ್, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡ್ಕೊಂಡು ಇರೋ ಥರ ಮನೆ ಮಾಡ್ಕೊಂಡಿರೋ ಗಾಡಿ, ನೋಡಿದೋರೆಲ್ಲ ಮೊದಲು ಕೇಳೋದು ಎರಡೇ ಪ್ರಶ್ನೆ. ಎಷ್ಟಾಯ್ತು, ಎಸಿ ಇದ್ಯಾ. ತುಮಕೂರಲ್ಲಿ ಮನೆ ಮುಂದೆ ನಿಂತಿದ್ರೂ ಅದೇ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಕ್ಕೆ ನಿಲ್ಸಿದ್ರೂ ಅದೇ. ನೀರು ಎಲ್ಲಿ ತುಂಬಿಸ್ಕೊತೀರಾ, ಟಾಯ್ಲೆಟ್ ಎಲ್ಲಿ ಖಾಲಿ ಮಾಡ್ತೀರಾ ಅಂತ ಕೇಳಿದೋರು ತೀರಾ ಕಮ್ಮಿ. ಗಾಡೀಲಿ ಬದುಕೋದ್ರಲ್ಲಿ ಮುಕ್ಕಾಲು ಪಾಲು ಇದೇ ವಿಷ್ಯ ಇರೋದು ಕಣ್ರೀ, ಉಳಿದಿದ್ದೆಲ್ಲ ಕಾಲು ಭಾಗ. ಈಗ ನಮ್ಮ ಕಡೆ ಹುಡುಗ್ರು ಬಹಳ ಜನ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು ಇಂಥದ್ದೇ ಕ್ಯಾಂಪರ್ ಮಾಡಿಸ್ಬೇಕು ಅಂತ ಓಡಾಡ್ತಿದ್ದಾರೆ, ಅವರಿಗೋಸ್ಕರ ಇಷ್ಟುದ್ದ ಬರೀತಿದೀನಿ, ಪೂರ್ತಿ ಓದಿ.

ನಮ್ಮದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್. ಹಿಂದೆ ಒಂದು ಮಂಚ, ಪಕ್ಕದಲ್ಲಿ ಚಿಕ್ಕ ಅಡುಗೆ ಕಟ್ಟೆ, ಒಂದು ಮೂಲೇಲಿ ಬಾಗಿಲು ಹಾಕ್ಕೊಳೋ ಥರ ಟಾಯ್ಲೆಟ್, ಮೇಲೆ ಎರಡು ಸೋಲಾರ್ ಪ್ಯಾನೆಲ್. ನಾನು, ನನ್ನ ಹೆಂಡ್ತಿ, ಹೆಚ್ಚಿನ ಸಲ ಅವ್ವನೂ ಜೊತೇಲಿ. ನನ್ನ ಕೆಲಸ ಲ್ಯಾಪ್‌ಟಾಪಲ್ಲೇ ಆಗೋದ್ರಿಂದ ವಾರಗಟ್ಟಲೆ ಗಾಡೀಲೇ ಇದ್ದುಬಿಡ್ತೀವಿ. ಲಡಾಖು, ಸ್ಪಿತಿ ಅಂತ ಹೋಗಿಲ್ಲ, ನಮ್ಮ ತಿರುಗಾಟ ಎಲ್ಲ ಶಿರಾ, ಪಾವಗಡ, ಮಧುಗಿರಿ, ಕುಣಿಗಲ್, ಆ ಕಡೆ ದಾಟಿದ್ರೆ ಗುಡಿಬಂಡೆ, ಆವನಿ, ಕುರುಡುಮಲೆ. ಮನೆಯಿಂದ ಇನ್ನೂರು ಕಿಲೋಮೀಟರ್ ಒಳಗೇ ಇಷ್ಟೊಂದು ಇದ್ಯಲ್ಲ, ಇದನ್ನ ಮೊದಲು ನೋಡಿ ಮುಗಿಸೋಣ ಅಂತ.

ಕಾಗದಪತ್ರದ ವಿಷ್ಯ ಬೇಗ ಹೇಳ್ಬಿಡ್ತೀನಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಗಾಡೀನ ನಮ್ಮ ಇಷ್ಟದಂತೆ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಅದಕ್ಕೆ ಕೆಲಸ ಶುರು ಮಾಡೋ ಮುಂಚೇನೇ ನಿಮ್ಮ ಆರ್‌ಟಿಒ ಆಫೀಸಿಗೆ ಹೋಗಿ ಏನೇನು ಮಾಡಬಹುದು ಅಂತ ಕೇಳ್ಕೊಂಡು, ಆರ್‌ಸಿಯಲ್ಲಿ ನಮೂದು ಮಾಡಿಸ್ಕೊಳಿ, ಇನ್ಶೂರೆನ್ಸ್‌ನೋರಿಗೂ ತಿಳಿಸಿ. ಗ್ಯಾರೇಜಿನೋರು "ಏನೂ ಆಗಲ್ಲ ಬಿಡಿ ಸಾರ್" ಅಂತಾರೆ, ನಾಳೆ ಆಕ್ಸಿಡೆಂಟ್ ಆದ್ರೆ ಕ್ಲೇಮ್ ಬರದೇ ಇರೋದು ಅವರಿಗಲ್ಲ, ನಿಮಗೆ.

ಈಗ ನೀರು. ನೂರು ಲೀಟರ್ ನೀರು ಅಂದ್ರೆ ನೂರು ಕೆಜಿ ತೂಕ, ಇದನ್ನ ಮೊದಲು ತಲೇಲಿ ಇಟ್ಕೊಳಿ. ಟ್ಯಾಂಕನ್ನ ಎಲ್ಲೋ ಮೇಲೆ, ಒಂದೇ ಪಕ್ಕಕ್ಕೆ ಕೂರಿಸಿದ್ರೆ ದೇವರಾಯನದುರ್ಗದ ತಿರುವಲ್ಲಿ ಗಾಡಿ ವಾಲೋದು ಸ್ಟಿಯರಿಂಗಲ್ಲೇ ಗೊತ್ತಾಗುತ್ತೆ, ಅರ್ಧ ತುಂಬಿದ ಟ್ಯಾಂಕ್ ಆದ್ರಂತೂ ನೀರು ಆ ಕಡೆ ಈ ಕಡೆ ತುಳುಕಿ ಇನ್ನೂ ಕಷ್ಟ, ಅದಕ್ಕೆ ಒಳಗೆ ಅಡ್ಡ ತಡೆ ಇರೋ ಟ್ಯಾಂಕೇ ತಗೊಂಡು ಆದಷ್ಟು ಕೆಳಗೆ, ಆಕ್ಸಲ್ ಹತ್ರಾನೇ ಇಡ್ಬೇಕು. ಸ್ನಾನಕ್ಕೆ ಶವರ್ ಇಡಿಸ್ಬೇಡಿ. ಬಕೆಟ್ಟು ಚೊಂಬು ಸಾಕು, ಎಂಟು ಹತ್ತು ಲೀಟರಲ್ಲಿ ತಲೆ ಮೇಲೂ ಸ್ನಾನ ಆಗುತ್ತೆ. ಪಾತ್ರೇನ ತಿಂದ ತಕ್ಷಣ ಕಾಗದದಲ್ಲಿ ಒರೆಸಿ ಆಮೇಲೆ ತೊಳೆದ್ರೆ ನೀರು ಅರ್ಧಕ್ಕರ್ಧ ಉಳಿಯುತ್ತೆ.

ನಮ್ಮ ಬಯಲುಸೀಮೇಲಿ ನೀರು ಕೇಳೋದು ಸಣ್ಣ ಮಾತಲ್ಲ. ಬೋರ್ವೆಲ್ ಬತ್ತಿ ಬತ್ತಿ ಜನ ಬೇಸತ್ತಿರೋ ಊರಿಗೆ ಹೋಗಿ "ನೂರು ಲೀಟರ್ ಕೊಡಿ" ಅಂತ ಪೈಪ್ ಹಿಡ್ಕೊಂಡು ನಿಂತ್ಕೊಳಕ್ಕೆ ನಾಲಿಗೆ ಏಳಲ್ಲ. ನಾವು ಕುಡಿಯೋಕೆ ಯಾವತ್ತೂ ಊರಿನ ಶುದ್ಧ ನೀರಿನ ಘಟಕದಿಂದಾನೇ ಹಿಡ್ಕೊಳೋದು, ಎಷ್ಟೋ ಕಡೆ ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತೆ. ಪಾವಗಡ ಕಡೆ ಬೋರಿನ ನೀರು ಎಷ್ಟು ತಿಳಿಯಾಗಿ ಕಂಡ್ರೂ ಕುಡೀಬೇಡಿ, ಫ್ಲೋರೈಡ್ ಅನ್ನೋದು ಬಣ್ಣದಲ್ಲಾಗ್ಲಿ ರುಚೀಲಾಗ್ಲಿ ಗೊತ್ತಾಗಲ್ಲ, ಕುದಿಸಿದ್ರೂ ಹೋಗಲ್ಲ, ಅಲ್ಲಿನ ಜನರ ಹಲ್ಲು ಮೂಳೆ ತಿಂದಿರೋ ನೀರು ಅದು. ಬಳಸೋ ನೀರಿಗೆ ಮಾತ್ರ ತೋಟದೋರನ್ನ ಕೇಳ್ತೀವಿ. ಅವರು ಹೇಳೋದು ಒಂದೇ, "ತ್ರೀ ಫೇಸ್ ಬಂದಾಗ ಬನ್ನಿ ಸಾರ್." ಪಂಪ್ ಓಡ್ಸೋ ಆ ಕರೆಂಟು ರಾತ್ರಿ ಎರಡು ಗಂಟೆಗೂ ಬರಬಹುದು. ಮಧುಗಿರಿ ಹತ್ರ ಒಂದು ತೋಟದಲ್ಲಿ ನಿಂತಿದ್ದಾಗ ಯಜಮಾನ್ರು ಟಾರ್ಚ್ ಹಿಡ್ಕೊಂಡು ಬಂದು ಗಾಡಿ ತಟ್ಟಿ ಎಬ್ಬಿಸಿದ್ರು. ಅವರು ಅಡಿಕೆ ಪಾತಿಗೆ ನೀರು ತಿರುಗಿಸ್ತಾ, ನಾವು ಟ್ಯಾಂಕಿಗೆ ಹಿಡೀತಾ, ಒಂದು ಗಂಟೆ ಮಾತಾಡಿದ್ವಿ. ಎಷ್ಟು ಅಡಿ ಕೊರೆಸಿದ್ರು, ಮಗ ಬೆಂಗಳೂರಲ್ಲಿ ಏನು ಮಾಡ್ತಾನೆ, ಕೊಬ್ಬರಿ ರೇಟು ತಿಪಟೂರಲ್ಲಿ ಎಲ್ಲಿಗೆ ನಿಂತಿದೆ, ಎಲ್ಲ. ಲಾಡ್ಜಲ್ಲಿ ರೂಮ್ ಮಾಡಿದ್ರೆ ಈ ಮನುಷ್ಯನ ಪರಿಚಯ ನಂಗೆ ಜನ್ಮದಲ್ಲಿ ಆಗ್ತಿರ್ಲಿಲ್ಲ. ದುಡ್ಡು ಕೊಟ್ರೆ ಬೈದ್ರು, ಅವ್ವ ಮಾಡಿದ್ದ ನಿಪ್ಪಟ್ಟು ಕೊಟ್ಟಾಗ ಮಾತ್ರ ಇಸ್ಕೊಂಡ್ರು.

ಇನ್ನು ಯಾರೂ ಬಾಯ್ಬಿಟ್ಟು ಮಾತಾಡದ ವಿಷ್ಯ, ಟಾಯ್ಲೆಟ್. ಹೊರದೇಶದಲ್ಲಿ ಕ್ಯಾಂಪಿಂಗ್ ಜಾಗದಲ್ಲಿ ತ್ಯಾಜ್ಯ ಸುರಿಯಕ್ಕೇ ಅಂತ ವ್ಯವಸ್ಥೆ ಇರುತ್ತೆ, ಕ್ಯಾಸೆಟ್ (ಟಾಯ್ಲೆಟ್ ಕೆಳಗಿನ ತ್ಯಾಜ್ಯದ ಡಬ್ಬಿ) ಎಳೆದು ಅಲ್ಲಿ ಖಾಲಿ ಮಾಡಿ ತೊಳ್ಕೊಂಡು ಹೋಗ್ತಾರೆ. ನಮ್ಮಲ್ಲಿ ಅಂಥದ್ದಿಲ್ಲ. ಕ್ಯಾಸೆಟ್ ಟಾಯ್ಲೆಟ್ ಹಿಡಿಯೋದು ಹದಿನೆಂಟು ಇಪ್ಪತ್ತು ಲೀಟರ್, ಇಬ್ರು ಮೂವರಿಗೆ ಎರಡು ಮೂರು ದಿನಕ್ಕೆ ತುಂಬುತ್ತೆ. ಆಮೇಲೆ? ಕೆಲವರು ರಾತ್ರಿ ಹೊತ್ತು ರಸ್ತೆ ಪಕ್ಕದ ಮೋರಿಗೆ, ಕೆರೆ ಅಂಚಿಗೆ ಸುರಿದು ಹೋಗ್ತಾರೆ, ನಾನು ಕಣ್ಣಾರೆ ನೋಡಿದೀನಿ, ನೋಡಿ ಹೊಟ್ಟೆ ಉರಿದುಹೋಯ್ತು. ಆ ಕೆರೇಲಿ ದನ ನೀರು ಕುಡಿಯುತ್ತೆ ಕಣ್ರೀ. ನೀವು ಮಾರನೇ ದಿನ ಹೊರಟುಹೋಗ್ತೀರಿ, ಆ ಊರಿನೋರು ಎಲ್ಲಿಗೆ ಹೋಗ್ತಾರೆ?

ನಾವು ಮಾಡ್ಕೊಂಡಿರೋದು ಒಣ ಟಾಯ್ಲೆಟ್. ಕೂರೋ ಜಾಗದಲ್ಲೇ ಮೂತ್ರ ಬೇರೆ ಡಬ್ಬಿಗೆ, ಮಲ ಬೇರೆ ಡಬ್ಬಿಗೆ ಹೋಗುತ್ತೆ, ಪ್ರತಿ ಸಲ ಮೇಲೆ ಎರಡು ಹಿಡಿ ತೆಂಗಿನ ನಾರಿನ ಪುಡಿ. ತೇವ ಎಲ್ಲ ಅದು ಹೀರ್ಕೊಂಡ್ಬಿಡುತ್ತೆ. ನಿಜವಾಗ್ಲೂ ಅಂಥ ವಾಸನೆ ಬರಲ್ಲ, ವಾಸನೆ ಜಾಸ್ತಿ ಆಗೋದೇ ಎರಡೂ ಸೇರಿದಾಗ. ಹೊರದೇಶದೋರು ಇದೇ ಕೋಕೋಪೀಟನ್ನ ದುಡ್ಡು ಕೊಟ್ಟು ತರಿಸ್ಕೊತಾರೆ, ನಮ್ಮ ತುಮಕೂರು ಜಿಲ್ಲೇಲಿ ಗುಬ್ಬಿ ತಿಪಟೂರು ಕಡೆ ನಾರಿನ ಘಟಕದ ಹಿಂದೆ ಗುಡ್ಡೆ ಗುಡ್ಡೆ ಬಿದ್ದಿರುತ್ತೆ. ತುಂಬಿದ ಡಬ್ಬೀನ ಬಿಗಿಯಾಗಿ ಮುಚ್ಚಿ ವಾಪಸ್ ತಂದು ನಮ್ಮ ತೋಟದ ಮೂಲೇಲಿ, ಬಾವಿಯಿಂದ ದೂರ, ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಒಂದು ವರ್ಷಕ್ಕೂ ಮೇಲೆ ಹಾಗೇ ಬಿಡ್ತೀವಿ. ತೋಟ ಇಲ್ಲದೋರು ಕ್ಯಾಸೆಟ್ ಇಟ್ಕೊಂಡು ಗೊತ್ತಿರೋರ ಮನೆ ಸೆಪ್ಟಿಕ್ ಟ್ಯಾಂಕೋ, ಕೇಳಿ ದುಡ್ಡು ಕೊಟ್ಟು ಯಾವುದಾದ್ರೂ ಹೋಟೆಲಿನ ಕಕ್ಕಸ್ಸೋ ನೋಡ್ಕೊಳಿ. ಆದ್ರೆ ಕ್ರಿಮಿ ಕೊಲ್ಲೋ ಕಟು ಕೆಮಿಕಲ್ ಹಾಕಿದ್ದನ್ನ ಸೆಪ್ಟಿಕ್ ಟ್ಯಾಂಕಿಗೆ ಸುರಿದ್ರೆ ಅಲ್ಲಿ ಕೆಲಸ ಮಾಡೋ ಬ್ಯಾಕ್ಟೀರಿಯಾನೂ ಸಾಯುತ್ತೆ, ಅದು ಗಮನ ಇರಲಿ.

ಇಷ್ಟೆಲ್ಲ ಯಾಕೆ ಒದ್ದಾಡ್ಬೇಕು ಅಂತೀರಾ? ನಮ್ಮ ಅವ್ವನಿಗೋಸ್ಕರ. ಮಂಡಿ ನೋವು, ಶುಗರ್, ಗಂಟೆಗೊಂದು ಸಲ ಹೋಗ್ಬೇಕು. ಬಸ್ಸಲ್ಲಿ ಎಲ್ಲಿಗೇ ಕರ್ಕೊಂಡು ಹೋದ್ರೂ ಬೆಳಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ, "ಬೇಡ ಬಿಡಪ್ಪಾ, ಆಮೇಲೆ ಎಲ್ಲಿ ಹೋಗ್ಲಿ" ಅನ್ನೋರು. ನಮ್ಮ ಕಡೆ ಹೆಣ್ಣುಮಕ್ಕಳು ಎಷ್ಟು ಜನ ಹಿಂಗೆ ಬಾಯಾರಿಕೆ ಕಟ್ಕೊಂಡು ಪ್ರಯಾಣ ಮಾಡ್ತಾರೆ, ಎಷ್ಟು ಜನ ಇದೊಂದೇ ಕಾರಣಕ್ಕೆ ಮನೆ ಬಿಟ್ಟು ಹೊರಗೇ ಹೋಗಲ್ಲ ಅಂತ ನಿಮ್ಮ ಮನೇಲೇ ಕೇಳಿ ನೋಡಿ. ಈಗ ಅವ್ವ ಸೀಬಿ ನರಸಿಂಹಸ್ವಾಮಿ ಗುಡೀಲಿ ಚಾವಣಿ ಮೇಲಿನ ಚಿತ್ರ ನೋಡ್ತಾ ಎಷ್ಟೊತ್ತು ಬೇಕಾದ್ರೂ ಕೂತಿರ್ತಾರೆ, ಅವಸರ ಇಲ್ಲ, ಗಾಡಿ ಹೊರಗೇ ನಿಂತಿದೆ. ಅಲ್ಲಿಂದ ಶಿರಾ ಹತ್ರ ಕಗ್ಗಲಡುಗೆ ಹೋದ್ರೆ ಊರೊಳಗಿನ ಹುಣಸೆ ಮರದ ತುಂಬ ಬಣ್ಣದ ಕೊಕ್ಕರೆ ಗೂಡು ಕಟ್ಟಿರ್ತಾವೆ. ಬೆಳಗಿನ ಜಾವ ಗಾಡಿ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತು, ಕೈಯಲ್ಲಿ ಕಾಫಿ ಲೋಟ ಹಿಡ್ಕೊಂಡು, ಮರಿಗಳು ಕೊಕ್ಕು ಕಟಕಟ ಅನ್ನಿಸೋದನ್ನ ಅವ್ವ ಕೇಳ್ತಾ ಇದ್ದಿದ್ದು ನೋಡಿ, ಗಾಡಿಗೆ ಹಾಕಿದ ದುಡ್ಡೆಲ್ಲ ನಂಗೆ ಅಲ್ಲೇ ವಸೂಲಾಯ್ತು. ಊರಿನೋರು ಆ ಹಕ್ಕಿಗಳನ್ನ ಮನೆ ಮಕ್ಕಳ ಥರ ಕಾಪಾಡ್ತಾರೆ, ಅಲ್ಲಿ ಹೋಗಿ ಸ್ಪೀಕರ್ ಹಾಕ್ಬೇಡಿ ದಯವಿಟ್ಟು.

ಎಸಿ ಪ್ರಶ್ನೆಗೆ ಬರ್ತೀನಿ. ಇಲ್ಲ, ಎಸಿ ಇಲ್ಲ, ಬೇಕಾಗೂ ಇಲ್ಲ. ನಮ್ಮ ಎರಡು ಪ್ಯಾನೆಲ್ ಸೇರಿ ಒಳ್ಳೆ ಬಿಸಿಲಲ್ಲಿ ದಿನಕ್ಕೆ ಎರಡೂವರೆ ಮೂರು ಯೂನಿಟ್ ಕರೆಂಟು ಕೊಡುತ್ತೆ, ಲಿಥಿಯಂ ಬ್ಯಾಟರಿ ಹಿಡಿಯೋದೂ ಎರಡೂವರೆ ಯೂನಿಟ್. ಒಂದು ಟನ್ ಎಸಿ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ತಿನ್ನುತ್ತೆ, ಅಲ್ಲಿಗೆ ಮೂರು ಗಂಟೆ ಕೂಡ ಬರಲ್ಲ. ಅದೇ ಕಮ್ಮಿ ಕರೆಂಟಲ್ಲಿ ತಿರುಗೋ ಬಿಎಲ್‌ಡಿಸಿ ಫ್ಯಾನ್ 30 ವಾಟ್, ರಾತ್ರಿಯೆಲ್ಲ ತಿರುಗಿದ್ರೂ ಕಾಲು ಯೂನಿಟ್. ಬ್ಯಾಟರೀಲಿ ನಡೆಯೋ ಚಿಕ್ಕ ಡಿಸಿ ಫ್ರಿಡ್ಜ್, ಲ್ಯಾಪ್‌ಟಾಪ್, ಲೈಟು, ನೀರಿನ ಪಂಪು ಎಲ್ಲ ಆರಾಮಾಗಿ ನಡೆಯುತ್ತೆ. ಬಿಸಿಲಿಗೇನು ಬರ ನಮ್ಮಲ್ಲಿ, ಪಾವಗಡದ ತಿರುಮಣಿ ಹತ್ರ 13,000 ಎಕರೆ ತುಂಬ ಪ್ಯಾನೆಲ್ ಹಾಸಿ 2,050 ಮೆಗಾವಾಟಿನ ಪಾರ್ಕ್ ಮಾಡಿರೋದು ಸುಮ್ನೆ ಅಲ್ಲ. ತೊಂದ್ರೆ ಏನಂದ್ರೆ ಪ್ಯಾನೆಲ್‌ಗೆ ಬಿಸಿಲು ಬೇಕು, ನಮಗೆ ನೆರಳು ಬೇಕು. ಏಪ್ರಿಲಲ್ಲಿ ಬಿಸಿಲಲ್ಲಿ ನಿಂತ ತಗಡಿನ ಗಾಡಿ ಒಳಗೆ ಮಧ್ಯಾಹ್ನ ಇರಕ್ಕಾಗಲ್ಲ. ನಾವು ಹನ್ನೊಂದರ ತನಕ ಬಿಸಿಲಿಗೆ ಬಿಟ್ಟು ಬ್ಯಾಟರಿ ತುಂಬಿಸ್ಕೊಂಡು ಆಮೇಲೆ ಹೊಂಗೆ ಮರದ ಕೆಳಗೆ ಎಳ್ಕೊತೀವಿ. ಹೊಂಗೆ ನೆರಳೇ ಆಗ್ಬೇಕು. ತೆಂಗಿನ ಮರದ ಕೆಳಗೆ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ, ಕಾಯಿ ಬೇಡ, ಒಂದು ಒಣ ಗರಿ ಬಿದ್ರೂ ಪ್ಯಾನೆಲ್ ಹೋಯ್ತು. ರೂಫಿಗೆ ಒಳಗಿಂದ ಫೋಮ್ ಹಾಕ್ಸೋದಕ್ಕೆ ಖರ್ಚು ಮಾಡಿ, ಸನ್‌ಮೈಕಾ ಬಣ್ಣಕ್ಕೆ ಮಾಡ್ಬೇಡಿ. ರಾತ್ರಿ ಹೊತ್ತು ನಮ್ಮ ಸೀಮೆ ತಂಪು, ಸೊಳ್ಳೆ ಪರದೆ ಇದ್ದು ಕಿಟಕಿ ತೆಗೆದ್ರೆ ಸಾಕು.

ಅಡುಗೆಗೆ 5 ಕೆಜಿ ಸಣ್ಣ ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕಾದ್ರೆ ಮೇಲೆ ಹೋಗಲ್ಲ, ನೆಲದಲ್ಲೇ ತುಂಬ್ಕೊಳುತ್ತೆ, ಅದಕ್ಕೆ ಸಿಲಿಂಡರ್ ಇಡೋ ಬಾಕ್ಸಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಕಿಟಕಿ ಮುಚ್ಚಿ ಒಲೆ ಹಚ್ಚಬಾರದು, ಚಳಿ ಅಂತ ಒಲೆ ಉರಿಸ್ಕೊಂಡು ಮಲಗಲೇಬಾರದು. ಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಘಾಟು ಹಾಸಿಗೆಗೇ ಹತ್ಕೊಂಡು ಎರಡು ದಿನ ಬಿಡಲ್ಲ, ಹಂಗಾಗಿ ಒಗ್ಗರಣೆ ಎಲ್ಲ ಹೊರಗಡೆ ಮಡಚೋ ಟೇಬಲ್ ಮೇಲೆ. ಮುದ್ದೆ ಮಾತ್ರ ಒಳಗೇ, ಪಾತ್ರೇನ ಎರಡು ಕಾಲಲ್ಲಿ ಅಮುಕಿ ಹಿಡ್ಕೊಂಡು ಕೋಲಲ್ಲಿ ತೊಳಸಿ ಉಪ್ಸಾರಿನ ಜೊತೆ ತಿಂದ್ರೆ ಆ ಸುಖಾನೇ ಬೇರೆ.

ರಸ್ತೆ ವಿಷ್ಯ ಎರಡೇ ಮಾತು. ಗಾಡಿ ಎತ್ತರ ಎಷ್ಟು ಅಂತ ಪ್ಯಾನೆಲ್ ಸೇರಿಸಿ ಅಳೆದು ಸ್ಟಿಯರಿಂಗ್ ಹತ್ರ ಬರ್ಕೊಂಡು ಅಂಟಿಸಿ. ಹಳ್ಳಿ ಕಡೆ ರೈಲ್ವೆ ಅಂಡರ್‌ಪಾಸಿನ ಕಬ್ಬಿಣದ ಅಡ್ಡಕಂಬಿ, ಜೋತು ಬಿದ್ದ ಕರೆಂಟ್ ವೈರು, ಇವೆರಡೂ ಮ್ಯಾಪಲ್ಲಿ ಕಾಣಲ್ಲ. ಮಳೆ ಬಂದ್ರೆ ಆ ಅಂಡರ್‌ಪಾಸಲ್ಲಿ ನೀರು ಎಷ್ಟು ಆಳ ನಿಂತಿದೆ ಅಂತಾನೂ ಕಾಣಲ್ಲ.

ರಾತ್ರಿ ನಿಲ್ಲೋಕೆ ಯಾವತ್ತೂ ಕೇಳಿನೇ ನಿಲ್ಲಿ. ಬೆಟ್ಟದ ಬುಡದಲ್ಲಿ ಒಂಟಿಯಾಗಿ ಬೇಡ, 2019–20ರಲ್ಲಿ ಹೆಬ್ಬೂರು, ಗುಬ್ಬಿ ಕಡೆ ಚಿರತೆ ದಾಳೀಲಿ ಮಕ್ಕಳು ದೊಡ್ಡೋರು ಸತ್ತಿದ್ದು ಯಾರೂ ಮರೆತಿಲ್ಲ, ಮಧುಗಿರಿ ಪಾವಗಡ ಬಂಡೆ ಸಾಲಲ್ಲಿ ಕರಡಿಗಳೂ ಇದಾವೆ. ಮೈದೇನಹಳ್ಳಿ ಕೃಷ್ಣಮೃಗ ಧಾಮದೊಳಗೆ ಗಾಡಿ ಹಾಕ್ಕೊಂಡು ಮಲಗ್ತೀನಿ ಅನ್ನೋ ಹಾಗೂ ಇಲ್ಲ, ಊರಲ್ಲಿ ನಿಂತು ಬೆಳಗ್ಗೆ ಹೋಗಿ ನೋಡ್ಬೇಕು. ಊರಿಗೆ ಹೋದ್ರೆ ಅರಳಿಕಟ್ಟೆ ಹತ್ರ ಇಳಿದು ಹಿರಿಯರನ್ನ ಮಾತಾಡಿಸಿ. ಪಾವಗಡ ತಾಲೂಕಲ್ಲಿ ಒಂದೂರಲ್ಲಿ ನಿಲ್ಸಿದ ಅರ್ಧ ಗಂಟೆಗೆ ಇಬ್ರು ಅಜ್ಜೀರು ಬಾಗಿಲ ಹತ್ರ ಬಂದು "ಕಣ್ಣು ನೋಡೋ ಡಾಕುಟ್ರು ಯಾವಾಗ ಬತ್ತಾರೆ ಸಾಮಿ" ಅಂದ್ರು. ಕಣ್ಣಿನ ಶಿಬಿರದ ಗಾಡಿ ಅಂದ್ಕೊಂಡಿದ್ರು ಪಾಪ. ನನ್ನ ಹೆಂಡ್ತಿ ಕೈ ಹಿಡಿದು ಒಳಗೆ ಹತ್ತಿಸಿ ಎಲ್ಲ ತೋರಿಸಿದ್ಲು, ಒಲೆ ಮುಟ್ಟಿ ನೋಡಿ, ಮಂಚ ಅಮುಕಿ ನೋಡಿ, ಒಬ್ರು ಇನ್ನೊಬ್ರಿಗೆ "ಮನೇನೇ ಹೊತ್ಕಂಡ್ ಬಂದವ್ರೆ ಕಣೆ" ಅಂದ್ರು. ಆಮೇಲೆ ಅವರೇ ಶುರು ಮಾಡಿದ್ರು, ಅವರ ಕಾಲದಲ್ಲಿ ಸಿದ್ಧಗಂಗೆ ದನದ ಜಾತ್ರೆಗೆ ಕಮಾನು ಗಾಡಿ ಕಟ್ಕೊಂಡು ಹುಲ್ಲು, ಪಾತ್ರೆ, ರಾಗಿಹಿಟ್ಟು ಎಲ್ಲ ತುಂಬ್ಕೊಂಡು ಹೋಗಿ ಗಾಡಿ ಕೆಳಗೇ ಮಲಗ್ತಿದ್ದಿದ್ದು. ನಾವು ಹೊಸದು ಅಂತ ಮಾಡ್ತಿರೋದು ಅವರಿಗೆ ಹಳೇ ಕತೆ.

ಈಗ ನಂಗೆ ಬೇಕಾಗಿರೋದು ಕೇಳ್ತೀನಿ. ಕೇರಳದೋರು 2021ರಲ್ಲೇ ಕ್ಯಾರವಾನ್ ಟೂರಿಸಂ ಪಾಲಿಸಿ ತಂದ್ರು, ವಾಗಮಣ್‌ನಲ್ಲಿ ಕ್ಯಾರವಾನ್ ನಿಲ್ಸೋ ಪಾರ್ಕ್ ಮಾಡಿದ್ರು. ನಮಗೆ ಅಷ್ಟು ದೊಡ್ಡದು ಬೇಡ. ಶಿರಾ ಹೈವೇ ಮೇಲೊಂದು, ದೇವರಾಯನದುರ್ಗದ ಕೆಳಗೊಂದು, ಮಾರ್ಕೋನಹಳ್ಳಿ ಡ್ಯಾಮ್ ಹತ್ರ ಒಂದು, ಗಟ್ಟಿ ನೆಲ, ಒಂದು ನಲ್ಲಿ, ಒಂದು ಲೈಟು, ಮುಚ್ಚಳ ಇರೋ ಒಂದು ಸೆಪ್ಟಿಕ್ ಚೇಂಬರ್, ಪಕ್ಕದಲ್ಲಿ ಹೆಂಗಸರಿಗೆ ಕ್ಲೀನಾದ ಶೌಚಾಲಯ. ಆ ಚೇಂಬರಲ್ಲಿ ತುಂಬಿದ್ದನ್ನ ಏನ್ ಮಾಡೋದು ಅಂದ್ರೆ ದೇವನಹಳ್ಳೀಲಿ 2015ರಿಂದಾನೇ ಮಲ ತ್ಯಾಜ್ಯದ ಸಂಸ್ಕರಣಾ ಘಟಕ ಇದೆ, ಸರ್ಕಾರದೋರು ಹೋಗಿ ನೋಡ್ಕೊಂಡು ಬರಲಿ. ನಮ್ಮಂಥ ನಾಲ್ಕು ಗಾಡಿಯೋರಿಗೆ ಅಂತಲ್ಲ ಇದು, ಟಿಟಿ ಮಾಡ್ಕೊಂಡು ದೇವಸ್ಥಾನ ಸುತ್ತೋ ಕುಟುಂಬಗಳಿಗೆ, ಲಾರಿ ಡ್ರೈವರ್‌ಗಳಿಗೆ, ಬಸ್ಸಲ್ಲಿ ನೀರು ಕುಡೀದೇ ಕೂತಿರೋ ತಾಯಂದ್ರಿಗೆ ಎಲ್ಲರಿಗೂ ಆಗುತ್ತೆ. ಸರ್ಕಾರ ಮಾಡೋ ತನಕ ಹೈವೇಗೆ ಹತ್ತಿರ ತೋಟ ಇರೋ ರೈತರೇ ಯೋಚನೆ ಮಾಡಿ. ಬೋರು ಇದೆ, ಶೌಚಾಲಯ ಇದೆ, ಗಾಡಿ ತಿರುಗೋ ಅಷ್ಟು ಜಾಗ ಇದೆ ಅಂದ್ರೆ ಒಂದು ರಾತ್ರಿಗೆ ಮುನ್ನೂರೋ ಐನೂರೋ ಕೊಡಕ್ಕೆ ನಾವು ತಯಾರಿದೀವಿ, ಊಟಾನೂ ಹಾಕಿದ್ರೆ ಅದಕ್ಕೆ ಬೇರೆ. ಶಿರಾ, ಮಧುಗಿರಿ, ಕೊರಟಗೆರೆ ಕಡೆಯೋರು ಯಾರಾದ್ರೂ ಮನಸ್ಸು ಮಾಡೋದಾದ್ರೆ ಹೇಳಿ, ಮುಂದಿನ ತಿಂಗಳು ಆ ಕಡೆ ಬರ್ತಿದೀವಿ, ಅವ್ವನೂ ಇರ್ತಾರೆ.