ಕಾರಣ ಬರೆಯುವುದು ಬೇಡ, ‘ಆಗಲ್ಲ’ ಅಂದರೆ ಸಾಕು

ಶಿರಸಿಯಲ್ಲಿ ನಂದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಒಬ್ಬರಿಗೆ ಮುಕ್ಕಾಲು ಗಂಟೆ ಅಂತ ಸಮಯ ಇಡುತ್ತೇನೆ. ದಿನಕ್ಕೆ ಹತ್ತು ಜನಕ್ಕಿಂತ ಜಾಸ್ತಿ ನೋಡಲು ಆಗುವುದಿಲ್ಲ. ಬರುತ್ತೇನೆ ಅಂದವರು ಬರಲಿಲ್ಲ ಅಂದರೆ ಆ ಮುಕ್ಕಾಲು ಗಂಟೆ ಹೋಯಿತು, ಅಷ್ಟೇ. ಅಂಗಡಿಯಲ್ಲಾದರೆ ಇವತ್ತು ಖರ್ಚಾಗದ ಸಾಮಾನು ನಾಳೆ ಖರ್ಚಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಅದಕ್ಕೇ ಬರಬೇಕಾದ ದಿನವನ್ನು ಮೊದಲೇ ನೆನಪಿಸುವ ಈಮೇಲ್, ಅಂದರೆ ನೆನಪೋಲೆ, ಕಳಿಸಲು ಶುರು ಮಾಡಿದೆ. ಅದರ ಕಥೆ ಇದು.

ಎರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಸಮಯ. ಒಂದು ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ತನಕ ಸುಮ್ನೆ ಕೂತಿದ್ದೆ. ಬರಬೇಕಾದ ಇಬ್ಬರೂ ಬಂದಿರಲಿಲ್ಲ. ಅದರ ಹಿಂದಿನ ದಿನವಷ್ಟೇ ಸಿದ್ದಾಪುರದ ಕಡೆಯ ಒಬ್ಬ ಅಮ್ಮನಿಗೆ “ಈ ವಾರ ಜಾಗ ಇಲ್ಲ, ಮುಂದಿನ ವಾರ ಬನ್ನಿ” ಅಂತ ಫೋನಿನಲ್ಲಿ ಹೇಳಿದ್ದೆ. ಅವರಿಗೆ ಹುಬ್ಬಳ್ಳಿಯಲ್ಲಿ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಮುಂದಿನ ವಾರ ಬಂದರು. ಕುರ್ಚಿಯ ಮೇಲೆ ಕೂತಾಗ ಆ ಕಾಲು ನೆಟ್ಟಗೆ ಮುಂದಕ್ಕೇ ಇತ್ತು. ಮಡಚಲು ಹೋದರೆ 70 ಡಿಗ್ರಿಗೇ ನಿಂತುಬಿಡುತ್ತಿತ್ತು. ಆರಾಮಾಗಿ ಕೂತು ಏಳಬೇಕು ಅಂದರೆ 90 ಆದರೂ ಬೇಕು. ಈ ಆಪರೇಷನ್ ಆದ ಮೇಲಿನ ಮೊದಲ ಕೆಲವು ವಾರಗಳು ಬಹಳ ಮುಖ್ಯ. ಆಮೇಲೆ ಗಾಯದ ಒಳಗಿನ ಅಂಗಾಂಶ ಬಿಗಿಯುತ್ತಾ ಹೋಗುತ್ತದೆ, ಒಂದೊಂದು ಡಿಗ್ರಿ ಮಡಚುವುದಕ್ಕೂ ಕಣ್ಣೀರು. ಅವರು ಸೆರಗನ್ನು ಬಾಯಿಗೆ ಕಚ್ಚಿಕೊಂಡು ನೋವು ತಡೆದುಕೊಂಡರು. ಹಿಂದಿನ ವಾರ ಖಾಲಿ ಮಂಚದ ಮುಂದೆ ನಾನು ಕೂತಿದ್ದೆನಲ್ಲ, ಆ ಒಂದೂವರೆ ಗಂಟೆ ಇವರದ್ದಾಗಬೇಕಿತ್ತು.

ಬರದೇ ಉಳಿದ ಇಬ್ಬರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಅವರಲ್ಲಿ ಒಬ್ಬರು ಕೆಲವು ದಿನ ಬಿಟ್ಟು ಪೇಟೆಯಲ್ಲಿ ಸಿಕ್ಕಿದರು. ಮೊದಲು ನೋಡಿಯೂ ನೋಡದ ಹಾಗೆ ಹೋದರು. ಆಮೇಲೆ ತಾವೇ ವಾಪಸ್ ಬಂದು, “ತಂಗಿ, ಆವತ್ತು ಬಪ್ಪಲೆ ಆಜಿಲ್ಲೆ (ಬರಲು ಆಗಲಿಲ್ಲ). ಕೊನೆಗೌಡ ಬಂದಿದ್ದ. ಫೋನ್ ಮಾಡಿ ಹೇಳಲೆ ಸಂಕೋಚ ಆತು” ಅಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಮರ ಹತ್ತಿ ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವವನು ಕೊನೆಗೌಡ. ಈಗ ಮರ ಹತ್ತುವವರೇ ಕಡಿಮೆ. ಒಬ್ಬೊಬ್ಬನ ಕೈಯಲ್ಲಿ ಎಷ್ಟೋ ಮನೆಯ ತೋಟ ಇರುತ್ತದೆ. ಅವನು ಬೆಳಿಗ್ಗೆ ಬಂದು ಅಂಗಳದಲ್ಲಿ ನಿಂತ ಅಂದರೆ ‘ಇವತ್ತು ಬೇಡ, ನಾಳೆ ಬಾ’ ಅನ್ನುವ ಹಾಗೇ ಇಲ್ಲ. ಆ ದಿನ ಮನೆಯವರೆಲ್ಲ ತೋಟದಲ್ಲೇ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು ಬೇರೆ. ಸೊಂಟ, ಭುಜ ನೋಯುತ್ತದೆ ಅಂತ ನನ್ನ ಹತ್ತಿರ ಬರುವವರೂ ಅವರೇ, ಅದೇ ಕೆಲಸದಿಂದಾಗಿ ಬರಲು ಆಗದವರೂ ಅವರೇ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇವರು ಮರೆತಿರಲಿಲ್ಲ. ಉಡಾಫೆಯೂ ಅಲ್ಲ. ಬರುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಲು ಅವರಿಗೆ ದಾಕ್ಷಿಣ್ಯ ಅಡ್ಡ ಬಂದಿತ್ತು. ಡಾಕ್ಟರಿಗೆ ಫೋನ್ ಮಾಡಿ ‘ಆಗಲ್ಲ’ ಅನ್ನುವುದು ಹೇಗೆ, ಬೇಜಾರು ಮಾಡಿಕೊಂಡರೆ, ಕಾರಣ ಕೇಳಿದರೆ ಅನ್ನುವ ಅಳುಕು. ಅದಕ್ಕಿಂತ ಸುಮ್ಮನಿದ್ದುಬಿಡುವುದೇ ಸುಲಭ. ಆಮೇಲೆ ಮುಖ ತೋರಿಸಲು ನಾಚಿಕೆ ಅಂತ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಟ್ಟುಬಿಡುತ್ತಾರೆ. ನನಗೆ ಇದೇ ಹೆಚ್ಚು ನೋವಿನ ವಿಷಯ.

ಅಲ್ಲಿಂದ ಶುರುವಾಗಿದ್ದು ನಮ್ಮ ಈಮೇಲ್ ನೆನಪೋಲೆ.

“ಶಿರಸಿ ಹಳ್ಳಿಯ ಅಜ್ಜಿಗೆ ಈಮೇಲಾ?” ಅಂತ ಎಲ್ಲರೂ ಕೇಳಿದರು. ಸರಿಯಾದ ಪ್ರಶ್ನೆಯೇ. ಅಜ್ಜಿಗೆ ಈಮೇಲ್ ಇಲ್ಲ. ಆದರೆ ಅಜ್ಜಿಯ ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಪುಣೆಯಲ್ಲಿದ್ದಾಳೆ. ಬೆಳಗಾದರೆ ಅವರು ಮೊದಲು ತೆರೆಯುವುದೇ ಮೇಲ್. ನಮ್ಮ ಸೀಮೆಯ ಎಷ್ಟು ಮನೆಗಳಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಿಮಗೇ ಗೊತ್ತು. ಮಕ್ಕಳಿಗೆ ದೂರದಲ್ಲಿ ಕೂತು ಏನಾದರೂ ಮಾಡಬೇಕು ಅಂತ ಇರುತ್ತದೆ, ಏನು ಮಾಡುವುದು ಅಂತ ತಿಳಿಯುವುದಿಲ್ಲ. ನಾವು ಮಗನಿಗೆ ಮೇಲ್ ಕಳಿಸುತ್ತೇವೆ. ಅವನು ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ “ನಾಳೆ ಕ್ಲಿನಿಕ್ಕಿಗೆ ಹೋಗಬೇಕಲ್ವಾ, ರಿಕ್ಷಾಕ್ಕೆ ಹೇಳಿದ್ಯಾ?” ಅಂತ ಕೇಳುತ್ತಾನೆ. ಅಮ್ಮ ಮಗನ ಹತ್ತಿರ ಸಂಕೋಚ ಇಲ್ಲದೆ “ನಾಳೆ ಆಗೋದಿಲ್ಲ” ಅನ್ನುತ್ತಾಳೆ. ಮಗ ನಮಗೆ ಬರೆಯುತ್ತಾನೆ. ಅಲ್ಲಿಗೆ ಆ ಜಾಗ ಇನ್ನೊಬ್ಬರಿಗೆ ಸಿಕ್ಕಿತು.

ಎಸ್‌ಎಂಎಸ್ ಯಾಕಲ್ಲ ಅಂದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದ ಪ್ರಕಾರ ವ್ಯವಹಾರದ ಎಸ್‌ಎಂಎಸ್ ಕಳಿಸುವವರು ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ಕಳಿಸುವ ಒಕ್ಕಣೆಗೂ ಮೊದಲೇ ಒಪ್ಪಿಗೆ ಪಡೆಯಬೇಕು. ವಂಚನೆ ತಡೆಯಲು ಇದು ಒಳ್ಳೆಯ ನಿಯಮವೇ. ಆದರೆ ದಿನಕ್ಕೆ ಹತ್ತು ಜನರನ್ನು ನೋಡುವ ನನ್ನಂಥವಳಿಗೆ ಅದು ದೊಡ್ಡ ಹೊರೆ. ಇನ್ನು ವಾಟ್ಸಾಪ್. ಶುಭೋದಯದ ಚಿತ್ರಗಳ ನಡುವೆ ನಮ್ಮ ಮೆಸೇಜು ಎಲ್ಲಿ ಹೋಗುತ್ತದೋ. ಮೇಲ್‌ಗೆ ಇನ್ನೂ ಒಂದು ಗುಣ ಇದೆ. ಹಳ್ಳಿಯಲ್ಲಿ ಕರೆಂಟ್ ಹೋದ ಕೂಡಲೇ ನೆಟ್‌ವರ್ಕ್ ಹೋಗುತ್ತದೆ, ಫೋನ್ ಮಾಡಿದರೆ ಸಿಗುವುದಿಲ್ಲ. ಮೇಲ್ ಕಾದು ಕೂತಿರುತ್ತದೆ, ನೆಟ್ ಬಂದಾಗ ತಾನೇ ಬಂದು ಸೇರುತ್ತದೆ.

ನಾನು ಸಾಫ್ಟ್‌ವೇರ್ ಏನೂ ಕೊಳ್ಳಲಿಲ್ಲ. ಗೂಗಲ್ ಶೀಟ್, ಅಂದರೆ ಆನ್‌ಲೈನ್ ಲೆಕ್ಕದ ಹಾಳೆ, ಒಂದಿದೆ. ಹೆಸರು, ದಿನ, ಸಮಯ, ಮೇಲ್ ವಿಳಾಸ, ಇಷ್ಟು ಕಾಲಮ್. ರಿಸೆಪ್ಷನ್‌ನ ಹುಡುಗಿ ತುಂಬುತ್ತಾಳೆ. ಅದರ ಹಿಂದೆ ಗೂಗಲ್‌ನದೇ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಮ್. ಅದು ದಿನಾ ಸಂಜೆ ತಾನಾಗಿ ಎದ್ದು, ಶೀಟ್ ನೋಡಿ, ಯಾರಿಗೆ ನಾಳೆ ಇದೆ, ಯಾರಿಗೆ ಮೂರು ದಿನದ ಮೇಲೆ ಇದೆ ಅಂತ ಲೆಕ್ಕ ಹಾಕಿ ಮೇಲ್ ಕಳಿಸುತ್ತದೆ. ಉಚಿತ ಜಿಮೇಲ್ ಖಾತೆಯಿಂದ ಹೀಗೆ ದಿನಕ್ಕೆ 100 ಜನರಿಗೆ ಕಳಿಸಬಹುದು. ನಮಗೆ ಅದರ ಕಾಲು ಭಾಗವೂ ಬೇಡ.

ಎರಡು ಸಲ ಯಾಕೆ ಅಂದರೆ, ಹಿಂದಿನ ದಿನದ್ದು ನೆನಪಿಗೆ. ಮೂರು ದಿನ ಮುಂಚಿನದು ಏರ್ಪಾಡಿಗೆ. ಹಳ್ಳಿಯಿಂದ ಬರುವವರು ಆಳಿಗೆ ಹೇಳಬೇಕು, ಕೊಟ್ಟಿಗೆ ಕೆಲಸಕ್ಕೆ ಯಾರನ್ನಾದರೂ ನೋಡಬೇಕು, ಬಸ್ಸಿನ ಸಮಯ ಹೊಂದಬೇಕು. ಒಂದೇ ಮೇಲ್ ಕಳಿಸುವುದಾದರೆ ನಾನು ಮೂರು ದಿನ ಮುಂಚಿನದನ್ನೇ ಉಳಿಸಿಕೊಳ್ಳುತ್ತೇನೆ.

ಮೊದಲ ವಾರವೇ ಒಂದು ತಪ್ಪು ಮಾಡಿದೆ. ಸಂಜೆ ಐದಕ್ಕೆ ಅಂತ ಇಟ್ಟಿದ್ದೆ. ಆದರೆ ಆ ಪ್ರೋಗ್ರಾಮಿನ ಒಳಗೆ ಗಡಿಯಾರ ನ್ಯೂಯಾರ್ಕ್ ಸಮಯಕ್ಕೆ ಇತ್ತು, ನಾನು ನೋಡಿರಲಿಲ್ಲ. ಮೇಲ್ ಹೋಗಿದ್ದು ನಮ್ಮ ರಾತ್ರಿ ಎರಡೂವರೆ ದಾಟಿದ ಮೇಲೆ. ಬೆಂಗಳೂರಿನ ಒಬ್ಬ ಹುಡುಗ ರಾತ್ರಿ ಪಾಳಿಯಲ್ಲಿದ್ದ. ಮೊಬೈಲಿನಲ್ಲಿ ಅಮ್ಮನ ಹೆಸರು, ಪಕ್ಕದಲ್ಲಿ ಕ್ಲಿನಿಕ್ಕಿನ ಹೆಸರು. ಅಷ್ಟೇ ಕಂಡಿದ್ದು. ಒಳಗೆ ಏನಿದೆ ಅಂತ ಓದುವ ಮೊದಲೇ ಊರಿಗೆ ಫೋನ್ ಹಚ್ಚಿದ್ದಾನೆ. ಅಮ್ಮ ನಿದ್ದೆಯಲ್ಲಿ ಎತ್ತಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರು ಟಾರ್ಚ್ ಹಿಡಿದು ತೋಟ ದಾಟಿ ಹೋಗಿ ಬಾಗಿಲು ಬಡಿದಿದ್ದಾರೆ. ಮರುದಿನ ಅವನ ಹತ್ತಿರ, ಆ ತಾಯಿಯ ಹತ್ತಿರ, ಪಕ್ಕದ ಮನೆಯವರ ಹತ್ತಿರ ಮೂರೂ ಕಡೆ ಕ್ಷಮೆ ಕೇಳಿದೆ. ನೀವು ಇಂಥದ್ದು ಮಾಡುವುದಾದರೆ ಮೊದಲು ಗಡಿಯಾರ ಭಾರತದ ಸಮಯಕ್ಕೆ ಇದೆಯಾ ನೋಡಿ. ವಾರ ಪೂರ್ತಿ ನಿಮಗೇ ಮೇಲ್ ಕಳಿಸಿಕೊಂಡು ನೋಡಿ. ವಿಷಯದ ಸಾಲನ್ನು ಕೂಡ ಆವತ್ತೇ ಬದಲಿಸಿದೆ. ಈಗ ‘ನೆನಪಿಗಾಗಿ: ಬುಧವಾರ ಬೆಳಿಗ್ಗೆ 11’ ಅಂತ ಶುರುವಾಗುತ್ತದೆ. ಯಾರ ಎದೆಯೂ ಧಸಕ್ ಅನ್ನಬಾರದು.

ಮೇಲ್‌ನಲ್ಲಿ ಬರೆಯುವುದು ಇಷ್ಟೇ:

“ನಮಸ್ಕಾರ. ನಿಮ್ಮ ತಾಯಿಯವರಿಗೆ ಬುಧವಾರ ಬೆಳಿಗ್ಗೆ 11 ಗಂಟೆಗೆ ನಮ್ಮಲ್ಲಿ ಸಮಯ ಇಟ್ಟಿದ್ದೇವೆ. ಬರಲು ಆಗದಿದ್ದರೆ ಈ ಮೇಲ್‌ಗೆ ‘ಆಗಲ್ಲ’ ಅಂತ ಬರೆದರೆ ಸಾಕು. ಕಾರಣ ಬರೆಯುವುದು ಬೇಡ. ಬೇರೆ ದಿನ ನಾವೇ ಹುಡುಕಿ ತಿಳಿಸುತ್ತೇವೆ. ಆ ಸಮಯಕ್ಕೆ ಕಾಯುತ್ತಿರುವವರು ಇನ್ನೊಬ್ಬರು ಇದ್ದಾರೆ.”

ಕಾರಣ ಬರೆಯುವುದು ಬೇಡ ಅನ್ನುವ ಸಾಲು ಸೇರಿಸಿದ ಮೇಲೆಯೇ ಉತ್ತರ ಬರಲು ಶುರುವಾಗಿದ್ದು. ಅದಕ್ಕೆ ಮುಂಚೆ ಮೇಲ್ ಹೋಗುತ್ತಿತ್ತು, ಆದರೂ ಬರದವರು ಬರದೆಯೇ ಇರುತ್ತಿದ್ದರು. ಹಾಗಾಗಿ ‘ಈ ವಿಳಾಸಕ್ಕೆ ಉತ್ತರ ಬರೆಯಬೇಡಿ’ ಅಂತ ಕೆಳಗೆ ಹಾಕಿದ ಮೇಲ್‌ಗಳನ್ನು ಕಂಡರೆ ನನಗೆ ಆಗುವುದಿಲ್ಲ. ಬಾ ಅಂತ ಕರೆದು ಬಾಗಿಲು ಹಾಕಿಕೊಂಡ ಹಾಗೆ ಅದು. ನೆನಪೋಲೆ ಕಳಿಸುವುದು ಜನ ಬರಲಿ ಅಂತಷ್ಟೇ ಅಲ್ಲ. ಬರುವುದಿಲ್ಲ ಅನ್ನುವುದು ನಮಗೆ ಮೊದಲೇ ತಿಳಿಯಲಿ ಅಂತ.

ನೆನಪು ಮಾಡಿದರೆ ಜನ ಬರುತ್ತಾರಾ ಅನ್ನುವುದನ್ನು ಬೇರೆಯವರು ಚೆನ್ನಾಗಿ ಅಳೆದು ನೋಡಿದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ನೆನಪು ಮಾಡದೇ ಇದ್ದಾಗ ನೂರಕ್ಕೆ 67.8 ಜನ ಬಂದರೆ, ಮೊಬೈಲ್ ಸಂದೇಶ ಕಳಿಸಿದಾಗ 78.6, ಫೋನ್ ಮಾಡಿದಾಗ 80.3. ಅದು ಎಸ್‌ಎಂಎಸ್ ಲೆಕ್ಕ, ಈಮೇಲ್‌ದಲ್ಲ. ಆದರೂ ಫೋನಿಗೂ ಬರೆದು ಕಳಿಸಿದ್ದಕ್ಕೂ ಎಷ್ಟು ಕಡಿಮೆ ಅಂತರ ನೋಡಿ. ಲಂಡನ್ನಿನಲ್ಲಿ ಇನ್ನೊಂದು ಪ್ರಯೋಗ ಆಗಿತ್ತು, 2015ರಲ್ಲಿ ಪ್ರಕಟವಾಗಿದ್ದು. ನೀವು ಬರದಿದ್ದರೆ ಸರ್ಕಾರಿ ಆರೋಗ್ಯ ಸೇವೆಗೆ ಇಷ್ಟು ಪೌಂಡ್ ನಷ್ಟ ಅಂತ ಸಂದೇಶದಲ್ಲಿ ಸೇರಿಸಿದಾಗ, ತಪ್ಪಿಸಿಕೊಳ್ಳುವವರು 11.1ರಿಂದ 8.4 ಶೇಕಡಾಕ್ಕೆ ಇಳಿದರು. ಬರೆಯುವ ಮಾತಿಗೆ ಅಷ್ಟು ಬಲ ಇದೆ. ಆದರೆ ಆ ಮಾತನ್ನು ನಾನು ಇಲ್ಲಿ ಬರೆಯಲಾರೆ. ನಮ್ಮಲ್ಲಿ ದುಡ್ಡಿನ ಲೆಕ್ಕ ಮುಂದಿಟ್ಟರೆ ಜನ ನೊಂದುಕೊಳ್ಳುತ್ತಾರೆ, ಇನ್ನು ಈ ಕಡೆ ಕಾಲಿಡುವುದಿಲ್ಲ. ಇನ್ನೊಬ್ಬರು ಕಾಯುತ್ತಿದ್ದಾರೆ ಅಂದರೆ ಮನಸ್ಸಿಗೆ ತಾಗುತ್ತದೆ. ಅದು ನಿಜ ಕೂಡ.

ಮುಂಗಡ ತೆಗೆದುಕೊಳ್ಳಿ, ಬರದಿದ್ದರೆ ದಂಡ ಹಾಕಿ ಅನ್ನುವವರೂ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಕೊನೆಗೌಡ ಬಂದಿದ್ದಕ್ಕೆ ದಂಡವಾ? ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸು ನಿಂತಿದ್ದಕ್ಕೆ ದಂಡವಾ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತಲ್ಲ, ಆಗ ಅಂಕೋಲಾದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿರುವ ನನ್ನ ಗೆಳತಿ ಗೋಕರ್ಣ, ಕುಮಟಾ ಕಡೆಯವರಿಗೆಲ್ಲ ಅದೇ ಸಂಜೆ ಒಂದೇ ಸಲ ಮೇಲ್ ಕಳಿಸಿದಳು. “ಯಾರೂ ಹೊರಡಬೇಡಿ, ನಿಮ್ಮ ಸಮಯ ಹಾಗೇ ಇರುತ್ತದೆ, ರಸ್ತೆ ಸರಿಯಾದ ಮೇಲೆ ಬನ್ನಿ” ಅಂತ. ಪಟ್ಟಿ ಸಿದ್ಧ ಇದ್ದಿದ್ದರಿಂದ ಅದು ಆಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಮಕ್ಕಳ ವಿಳಾಸ ಸಿಕ್ಕಿತು ಅಂತ ಕೇಳದೇ ಕಳಿಸಬೇಡಿ. ಒಬ್ಬ ಹಿರಿಯರು “ಮಗನಿಗೆ ತಿಳಿಸೋದು ಬೇಡ, ಅವ ಕೆಲಸ ಬಿಟ್ಟು ಓಡಿ ಬರ್ತಾನೆ” ಅಂದರು. ಅವರಿಗೆ ನಾವು ಫೋನ್ ಮಾಡುತ್ತೇವೆ, ಲ್ಯಾಂಡ್‌ಲೈನಿಗೆ. ಮೇಲ್‌ನಲ್ಲಿ ಕಾಯಿಲೆಯ ಹೆಸರು ಎಲ್ಲೂ ಬರೆಯುವುದಿಲ್ಲ. 2023ರಲ್ಲಿ ಬಂದ ದತ್ತಾಂಶ ರಕ್ಷಣೆಯ ಕಾಯ್ದೆಯೂ ಒಪ್ಪಿಗೆ ಪಡೆಯಿರಿ ಅನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳುವುದು ನಮ್ಮ ಕರ್ತವ್ಯ. ಹಾಗೆಯೇ ಮೊದಲ ಮೇಲ್ ಸ್ಪ್ಯಾಮ್‌ಗೆ, ಅಂದರೆ ಬೇಡದ ಮೇಲ್‌ಗಳ ಪೆಟ್ಟಿಗೆಗೆ, ಹೋಗಿರಬಹುದು. ಮಗ ಊರಿಗೆ ಬಂದಾಗ ಎದುರಿಗೇ ಒಂದು ಕಳಿಸಿ, ಎಲ್ಲಿಗೆ ಬಂತು ಅಂತ ತೋರಿಸಿಕೊಳ್ಳುತ್ತೇವೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಒಂದು ಉತ್ತರ ಬಂತು. “ಆಗಲ್ಲ. ಅಪ್ಪ ಹೇಳಿದ್ರು, ಕೊನೆಗೌಡ ಬಂದಿದಾನಂತೆ.” ಕಾರಣ ಬೇಡ ಅಂದರೂ ಬರೆದಿದ್ದ. ಹುಡುಗಿ ಕಾಯುವವರ ಪಟ್ಟಿ ನೋಡಿ ಬನವಾಸಿ ಕಡೆಯ ಒಬ್ಬರಿಗೆ ಫೋನ್ ಮಾಡಿದಳು. ಹನ್ನೊಂದಕ್ಕೆ ಸರಿಯಾಗಿ ಅವರು ಬಾಗಿಲಲ್ಲಿ ಇದ್ದರು, ಭುಜ ಹಿಡಿದುಕೊಂಡು.

ಬ್ಯೂಟಿ ಪಾರ್ಲರ್, ಹಲ್ಲಿನ ಕ್ಲಿನಿಕ್, ಗಾಡಿ ಸರ್ವೀಸ್, ಟೇಲರ್ ಅಂಗಡಿ, ಸಮಯ ಕೊಟ್ಟು ಕೆಲಸ ಮಾಡುವ ಯಾರೇ ಇರಲಿ, ನಮ್ಮ ಶೀಟು ಮತ್ತು ಆ ಪ್ರೋಗ್ರಾಮ್ ಬೇಕಿದ್ದರೆ ಮೆಸೆಂಜರ್‌ನಲ್ಲಿ ಕೇಳಿ. ದುಡ್ಡು ಏನೂ ಬೇಡ. ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಬಂದರೆ ಕೂತು ಹಾಕಿಕೊಡುತ್ತೇನೆ. ಬರುವುದಾದರೆ ಶನಿವಾರದ ಒಳಗೆ ತಿಳಿಸಿ. ಆಗದಿದ್ದರೆ ‘ಆಗಲ್ಲ’ ಅಂತ ಬರೆಯಿರಿ.