ಸತ್ಯಾಂಶ: ಯುದ್ಧಕಾಲದ ಸೇನಾ ದಾದಿಯರಿಗೆ ಪ್ರಾಣಭಯವಿರಲಿಲ್ಲವೇ?

‘ಸೇನಾ ದಾದಿಯರು ರಣರಂಗದಿಂದ ದೂರವಿರುತ್ತಿದ್ದರು, ರೆಡ್ ಕ್ರಾಸ್ ಗುರುತು ಕಂಡರೆ ಶತ್ರುಗಳೂ ಮುಟ್ಟುತ್ತಿರಲಿಲ್ಲ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನಿಯಮವೇನೋ ಹಾಗೆಯೇ ಇತ್ತು, ನಡೆದದ್ದು ಬೇರೆ.

ಜಪಾನಿ ಸೇನೆಗೆ ವಶವಾಗಲಿದ್ದ ಸಿಂಗಪುರದಿಂದ 1942ರ ಫೆಬ್ರವರಿ 12ರಂದು 65 ಆಸ್ಟ್ರೇಲಿಯನ್ ಸೇನಾ ದಾದಿಯರನ್ನು ಹೊತ್ತು ಹೊರಟ ‘ವೈನರ್ ಬ್ರೂಕ್’ ಹಡಗು, ಎರಡು ದಿನಗಳ ಬಳಿಕ ಬಾಂಬ್ ದಾಳಿಗೆ ತುತ್ತಾಗಿ ಇಂದಿನ ಇಂಡೊನೇಷ್ಯಾದ ಬಂಕಾ ದ್ವೀಪದ ಬಳಿ ಮುಳುಗಿತು. 12 ದಾದಿಯರು ಸಮುದ್ರದ ಪಾಲಾದರು. ದಡ ಸೇರಿ, ಗಾಯಾಳುಗಳನ್ನು ಬಿಟ್ಟುಹೋಗದೆ ಅಲ್ಲೇ ಉಳಿದಿದ್ದ 22 ದಾದಿಯರನ್ನು ಫೆಬ್ರವರಿ 16ರಂದು ಜಪಾನಿ ಸೈನಿಕರು ನೀರಿಗಿಳಿಸಿ, ಹಿಂದಿನಿಂದ ಗುಂಡಿಕ್ಕಿದರು. ತೋಳಿನ ರೆಡ್ ಕ್ರಾಸ್ ಪಟ್ಟಿ ಯಾರನ್ನೂ ಕಾಯಲಿಲ್ಲ. ಆ 22 ದಾದಿಯರಲ್ಲಿ ಬದುಕುಳಿದವರು ವಿವಿಯನ್ ಬುಲ್‌ವಿಂಕಲ್ ಒಬ್ಬರೇ. ಬೇರೆಡೆ ದಡ ಸೇರಿದ್ದ ಉಳಿದ ದಾದಿಯರ ಜೊತೆ ಅವರೂ ಸೇರಿ ಸೆರೆಯಾದ 32 ಮಂದಿಯಲ್ಲಿ ತಾಯ್ನಾಡಿಗೆ ಮರಳಿದವರು 24 ಮಂದಿ.