ಸರಪಳಿಗೊಂದು ಬಾಗಿನ

ತುಂಗಭದ್ರಾ ಜಲಾಶಯ ತುಂಬಿದರೆ ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬುದು ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಎಂದೋ ತೀರ್ಮಾನವಾಗಿಹೋಗಿದೆ. ಮೊದಲ ಪಾಲು ಗಂಗಾಮಾತೆಗೆ, ಎರಡನೆಯದು ಬಾಗಿನ ಬಿಡಲು ಬಂದ ಮುಖ್ಯಮಂತ್ರಿಗೆ (ಪಕ್ಷ ಯಾವುದಾದರೂ ಆದೀತು), ಮಿಕ್ಕದ್ದು ಫ್ಲೆಕ್ಸಿನಲ್ಲಿ ಜಾಗ ಸಿಕ್ಕ ಮುಖಂಡರಿಗೆ. ಮಲೆನಾಡಿನ ಮಳೆಗೆ ಇದರಲ್ಲಿ ಪಾಲಿಲ್ಲ. ಏಳು ದಶಕಗಳಿಂದ ಗೇಟುಗಳ ಭಾರ ಹೊತ್ತ ಕಬ್ಬಿಣದ ಸರಪಳಿಗಳಿಗಂತೂ ಆಮಂತ್ರಣ ಪತ್ರಿಕೆಯೂ ಹೋಗುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ, ಅಣೆಕಟ್ಟೆಯ ನೆತ್ತಿಯಲ್ಲಿ ನೀರು ಬಿಡುವ 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ನೆರವಿಗೆ ಬಂದದ್ದು ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಅನುಭವ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿದ ಕಾರ್ಮಿಕರ ತೋಳು ಮತ್ತು ಕ್ರೇನು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು, ಬಾಗಿನವೂ ಸಾಂಗವಾಗಿ ನೆರವೇರಿತು. ಕೃಪೆ ಇತ್ತು, ಗ್ರೀಸು ಎಷ್ಟಿತ್ತು ಎಂದು ಆ ವೇದಿಕೆಯಲ್ಲಿ ಕೇಳುವುದು ಅಪಶಕುನವಾದೀತು.

ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆಗಳನ್ನು ಬೆಳೆಸಿಕೊಳ್ಳುವುದು ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಮಾತದು. ಆದರೆ ಅಲ್ಲಿರುವುದು ನಾಗರಿಕರ ಕರ್ತವ್ಯವೇ ಹೊರತು ಸರ್ಕಾರದ್ದಲ್ಲ ಎಂಬ ಸೂಕ್ಷ್ಮವನ್ನು ನಮ್ಮ ಆಡಳಿತ ಬಹಳ ಬೇಗ ಗ್ರಹಿಸಿದಂತಿದೆ.

ಭಕ್ತರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಈ ವಿಷಯದಲ್ಲಿ ಅವರೇ ಹೆಚ್ಚು ವಿಚಾರವಾದಿಗಳು. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ತೇರು ಎಳೆಯುವ ಮುನ್ನ ಗಾಲಿ, ಅಚ್ಚು, ಹಗ್ಗಗಳನ್ನು ನೋಡಿಕೊಳ್ಳುವುದು ದೇವರ ಮೇಲಿನ ಅಪನಂಬಿಕೆಯೆಂದು ತೇರಿನ ಮುಂದೆ ನಿಲ್ಲಬೇಕಾದ ಯಾವ ಭಕ್ತನೂ ಹೇಳಲಾರ. ಅಚ್ಚು ಮುರಿದರೆ ದೇವರು ಹೊಣೆಯಲ್ಲ, ಬಡಗಿ ಮತ್ತು ಕಮ್ಮಾರರು ಹೊಣೆ ಎಂಬುದು ಊರಿಗೆಲ್ಲ ಗೊತ್ತು. ಈ ತಿಳಿವಳಿಕೆ ಜಾತ್ರೆಯಿಂದ ಅಣೆಕಟ್ಟೆಯವರೆಗಿನ ಅಷ್ಟು ಚಿಕ್ಕ ದಾರಿಯಲ್ಲಿ ಎಲ್ಲಿ ಇಳಿದುಹೋಗುತ್ತದೋ ತಿಳಿಯದು.

ಆದ್ದರಿಂದ ಸಂಪ್ರದಾಯಕ್ಕೆ ಭಂಗ ಬಾರದಂಥ ಒಂದು ಸಲಹೆಯಿದೆ. ಮೊರದಲ್ಲಿ ಸೀರೆ, ಖಣ, ಬಳೆ, ಅರಿಶಿನ, ಕುಂಕುಮ ಎಂದಿನಂತಿರಲಿ. ಪಕ್ಕದಲ್ಲಿ ಇನ್ನೊಂದು ಮೊರವಿರಲಿ. ಅದರಲ್ಲಿ ಒಂದು ಡಬ್ಬಿ ಗ್ರೀಸು, ತುಕ್ಕು ತಿಕ್ಕುವ ತಂತಿ ಬ್ರಷ್ಷು, ಆ ವರ್ಷದ ಗೇಟು ತಪಾಸಣೆಯ ವರದಿ, ವರದಿಯ ಕೆಳಗೆ ಓದಲು ಬರುವಂತಹ ಸಹಿ. ಮಂತ್ರ ಮುಗಿದ ಮೇಲೆ ಮುಖ್ಯಮಂತ್ರಿಗಳು ವರದಿಯ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಲಿ. ಈ ಮೊರವನ್ನು ಮಾತ್ರ ನೀರಿಗೆ ಬಿಡಬಾರದು, ಏಕೆಂದರೆ ಅಂಥ ವರದಿಗಳು ಮುಳುಗಲು ಹೊಳೆಯೇ ಬೇಕೆಂದಿಲ್ಲ, ಕಪಾಟು ಸಾಕು.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರು ಇದಕ್ಕೆ ಅಡ್ಡಿ ಮಾಡಲಾರರು. ಸುಮಾರು 105 ಟಿಎಂಸಿ ಹಿಡಿಯಬಲ್ಲ ಜಲಾಶಯದಲ್ಲಿ 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ 80 ಟಿಎಂಸಿಗೆ ಮಿತಿ ಹಾಕಿದ್ದನ್ನೂ, ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ಕಾಲುವೆ ನೀರು ನಿಂತದ್ದನ್ನೂ ಕಂಡವರು ಅವರು. ದೇವಿ ಮುನಿದಿದ್ದರೆ ಹರಕೆ ಹೊರಬಹುದಿತ್ತು. ಸರಪಳಿ ಮುನಿದರೆ ಯಾವ ಗುಡಿಗೆ ಹೋಗಬೇಕೆಂದು ಪಂಚಾಂಗದಲ್ಲಿ ಬರೆದಿಲ್ಲ.

ಇನ್ನು ಹೊಸ ಗೇಟುಗಳ ನಿರ್ವಹಣೆಯ ಅಂದಾಜುಪಟ್ಟಿ ತಯಾರಿಸುವವರಲ್ಲಿ ಒಂದು ಕೋರಿಕೆ. ನಿಂಬೆಹಣ್ಣು, ಮೆಣಸಿನಕಾಯಿ, ಬೂದುಗುಂಬಳಗಳನ್ನು ‘ಇತರೆ ವೆಚ್ಚ’ದಲ್ಲಿ ಅಡಗಿಸದೆ ಪ್ರತ್ಯೇಕ ಕಾಲಮ್ಮಿನಲ್ಲಿ ತೋರಿಸಿ, ಒಂದೊಂದು ಕುಂಬಳಕಾಯಿಯೂ ಎಷ್ಟು ಟನ್ ಭಾರ ತಡೆಯಬಲ್ಲದೆಂದು ಎದುರಿಗೇ ನಮೂದಿಸಬೇಕು.